ಎಂಟು ಗಂಟೆಯ ನೀರು

ಉತ್ತರ ಮೂವತ್ತೇಳೂವರೆ ಟೋಪಿ ಎಂದು ಬಂತು. ತರಗತಿಯಲ್ಲಿದ್ದ ಹದಿಮೂರು ಜನವೂ ಅದನ್ನು ಬರೆದುಕೊಂಡರು. ಅಸನ್‌ಕುಲ್ ಅಗಾಯ್ ಕಾಗದ ಸುತ್ತಿದ ಸೀಮೆಸುಣ್ಣವನ್ನು ಹಲಗೆಯ ಅಂಚಿಗಿಟ್ಟು, ಕಿಟಕಿಯ ಬಳಿ ಹೋಗಿ, ಫ್ಲಾಸ್ಕಿನಿಂದ ಅರ್ಧ ಬಟ್ಟಲು ಚಹಾ ಬಗ್ಗಿಸಿಕೊಂಡರು. ನಲವತ್ತು ವರ್ಷಗಳಿಂದ, ಎಲ್ಲರೂ ಅಗಾಯ್ ಎಂದೇ ಕರೆಯುವ ಈ ಮೇಷ್ಟರು ಇದೇ ಲೆಕ್ಕವನ್ನು ಇದೇ ಹಲಗೆಯ ಮೇಲೆ ಮಾಡಿಸುತ್ತ ಬಂದಿದ್ದರು. ಒಂದು ಕಾರ್ಖಾನೆ ದಿನಕ್ಕೆ ಇಷ್ಟು ಉಣ್ಣೆಯ ಟೋಪಿ ಹೊಲಿಯುತ್ತದೆ. ಹೊಲಿದಷ್ಟೂ ಖರ್ಚು ಹೀಗೆ ಏರುತ್ತದೆ, ಬೆಲೆ ಹೀಗೆ ಇಳಿಯುತ್ತದೆ. ಎಷ್ಟು ಹೊಲಿದರೆ ಲಾಭ ಗರಿಷ್ಠ?

"ಅರ್ಧ ಟೋಪಿ ಯಾರ್ ತಲೆಗೆ ಅಗಾಯ್?" ಹಿಂದಿನ ಬೆಂಚಿನಿಂದ ಸಾತಿಬಾಲ್ದಿ ಕೇಳಿದ.

"ನಿಮ್ಮ ತಲೆಗೆ," ಅಗಾಯ್ ತಿರುಗದೆ ಹೇಳಿದರು. "ಅರ್ಧ ತುಂಬಿರೋದಕ್ಕೆ ಅರ್ಧ ಸಾಕು."

ಎಲ್ಲರೂ ನಕ್ಕರು. ಸಾತಿಬಾಲ್ದಿಯೂ ಬಕ್ಕತಲೆ ಸವರಿಕೊಂಡು ನಕ್ಕ. ಎರಡನೇ ಬೆಂಚಿನ ಗೋಡೆಯ ಕಡೆ ಕೂತಿದ್ದ ಕಾಲಿಪಾ ನಗಲಿಲ್ಲ. ಅವಳಿಗೆ ನಗು ಕೇಳಿಸಿತ್ತು, ಆದರೆ ಯಾಕೆಂದು ಹೊಳೆದಿರಲಿಲ್ಲ. ಕಣ್ಣು ತೆರೆದುಕೊಂಡೇ ನಿದ್ದೆ ಹೋಗುವುದನ್ನು ಅವಳು ಈಚೆಗೆ ಕಲಿತಿದ್ದಳು.

ಅವಳ ದಿನ ಎರಡು ತುಂಡಾಗಿತ್ತು. ಪಟ್ಟಣದಿಂದ ಒಂದು ಗಂಟೆ ದೂರ, ಕಣಿವೆಯ ಒಳಗೆ, ಚೋಂಗ್-ಸೂ ನದಿಯ ದಂಡೆಯಲ್ಲಿ ನೀರಿನ ಮಟ್ಟ ನೋಡುವ ಠಾಣೆ. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ ನೀರಲ್ಲಿ ನೆಟ್ಟ ಅಳತೆಪಟ್ಟಿ ನೋಡಿ, ಸೆಂಟಿಮೀಟರುಗಳನ್ನು ದಾಖಲೆ ಪುಸ್ತಕಕ್ಕೆ ಬರೆದು, ಪಕ್ಕದಲ್ಲಿ ಕೋಷ್ಟಕ ನೋಡಿ ಸೆಕೆಂಡಿಗೆ ಎಷ್ಟು ಘನ ಮೀಟರ್ ಹರಿಯುತ್ತಿದೆ ಎಂದು ತುಂಬಿಸುವುದು ಅವಳ ಕೆಲಸ; ಮೊದಲು ಅದು ಅವಳ ಮಾವನದು, ಗಂಡನ ಅಪ್ಪನದು. ಅದರ ಸಂಬಳ ಸಾಲದು. ಗಂಡ ದುಡಿಯಲೆಂದು ರಷ್ಯಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಮೊದಲ ವರ್ಷ ಫೋನು ಬರುತ್ತಿತ್ತು. ಆಮೇಲೆ ಅವಳು ಪಟ್ಟಣದ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸಂಜೆಯ ಪಾಳಿ ಹಿಡಿದಳು. ಪಾಳಿ ಮುಗಿದ ಮೇಲೆ ಅಲ್ಲೇ ಇಸ್ತ್ರಿ ಮೇಜಿನ ಪಕ್ಕ ಮಲಗಿ, ಬೆಳಗಿನ ಮೊದಲ ವ್ಯಾನು ಹತ್ತಿ ಕಣಿವೆಗೆ ವಾಪಸು. ಶನಿವಾರ, ಭಾನುವಾರ ಬೆಳಗಿನ ಅಳತೆ ಮುಗಿಸಿ ಮತ್ತೆ ಕೆಳಗಿಳಿದು ಈ ತರಗತಿ.

ಮುಂದಿನ ವರ್ಷದಿಂದ ಠಾಣೆಗೆ ಯಂತ್ರ ಬರುತ್ತದೆಂದು ಇಲಾಖೆ ಹೇಳಿತ್ತು. ಡಿಪ್ಲೊಮಾ ಇದ್ದವರು ಯಂತ್ರದ ಜೊತೆ ಉಳಿಯಬಹುದು, ಪೂರ್ತಿ ಸಂಬಳ. ಇಲ್ಲದವರು ಮನೆಗೆ. ಎಲ್ಲ ವಿಷಯಗಳೂ ಮುಗಿದು ಅವಳಿಗೆ ಉಳಿದಿದ್ದು ಇದೊಂದೇ, ಕಲನಶಾಸ್ತ್ರ. ಬಟ್ಟೆ ಯಂತ್ರ ಗಿರಗಿರ ತಿರುಗುವಾಗ ಅವಳು ಲೆಕ್ಕದ ಪುಸ್ತಕವನ್ನು ಸೋಪಿನ ಡಬ್ಬದ ಮೇಲೆ ಬಿಡಿಸಿಟ್ಟುಕೊಳ್ಳುತ್ತಿದ್ದಳು. ಹಾಳೆಗಳು ಹಬೆಗೆ ಊದಿಕೊಂಡಿದ್ದವು. ತೊಂಬತ್ತು ಡಿಗ್ರಿಯ ಚಹಾ ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಎಷ್ಟು ನಿಮಿಷಕ್ಕೆ ನಲವತ್ತಕ್ಕೆ ಇಳಿಯುತ್ತದೆ? ಕಡಿಮೆ ತಗಡು ಸಾಕಾಗುವಂತೆ ಒಂದು ಲೀಟರಿನ ಡಬ್ಬದ ಎತ್ತರ ಎಷ್ಟಿರಬೇಕು? ಉತ್ತರ ಬರುವಷ್ಟರಲ್ಲಿ ಯಂತ್ರ ನಿಂತು, ಹಾಸಿಗೆಯ ಬಟ್ಟೆಗಳ ಭಾರದ ಗಂಟು ಅವಳ ತೋಳಿಗೆ ಬರುತ್ತಿತ್ತು.

ಅಗಾಯ್ ಚಹಾ ಮುಗಿಸಿ ಬಂದರು. "ಟೋಪಿ ಸಾಕು. ಪರೀಕ್ಷೆಗೆ ಎರಡು ವಾರ. ಮೂರನೇ ಲೆಕ್ಕ ಯಾರ್ಯಾರು ತಂದಿದೀರಿ?"

ಅದು ಅವರದೇ ಕಟ್ಟಳೆ. ಪರೀಕ್ಷೆಯ ದಿನ ಮೇಜಿನ ಮೇಲೆ ಮಗುಚಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿದರೆ ಪುಸ್ತಕದ ಎರಡು ಪ್ರಶ್ನೆ ಬರುತ್ತವೆ. ಮೂರನೆಯದನ್ನು ಪ್ರತಿಯೊಬ್ಬರೂ ತಾವು ದಿನಾ ಮಾಡುವ ಕೆಲಸದಿಂದಲೇ ಹೆಕ್ಕಿ ತರಬೇಕು. ತಾವೇ ಅಳೆದ ಅಂಕಿಯಿಂದ ಮಾಡಬೇಕು. ಪುಸ್ತಕದ ನದಿಯಲ್ಲಿ ಯಾರ ಕಾಲೂ ನೆನೆಯುವುದಿಲ್ಲ ಎನ್ನುತ್ತಿದ್ದರು.

ದಾದಿ ದಾರಿಕಾ ಎದ್ದು ನಿಂತು, ರೋಗಿಯ ರಕ್ತದಲ್ಲಿ ಔಷಧಿ ಎಷ್ಟು ಗಂಟೆಗೆ ಅರ್ಧವಾಗುತ್ತದೆ, ಎರಡನೇ ಸೂಜಿ ಯಾವಾಗ ಕೊಡಬೇಕು ಎಂದು ಬರೆದಳು. ಅಗಾಯ್ ತಲೆಯಾಡಿಸಿದರು. ಆಮೇಲೆ ಸಾತಿಬಾಲ್ದಿ ಹಲಗೆಯ ಹತ್ತಿರ ಹೋದ.

ಅವನು ಕೆಳಗಿನ ಹಳ್ಳಿಯ ನೀರುಗಂಟಿ. ಚೋಂಗ್-ಸೂ ಕಣಿವೆಯಿಂದ ಹೊರಬರುವಲ್ಲಿ ನದಿಗೆ ಅಡ್ಡಲಾಗಿ ಐದು ಸಮನಾದ ಕಂಡಿಗಳ ಕಟ್ಟೆಯಿತ್ತು. ನಾಲ್ಕು ಕಂಡಿಯ ನೀರು ಮೇಲಿನ ಹಳ್ಳಿಗಳಿಗೆ, ಒಂದು ಕಂಡಿಯದ್ದು ಅವನ ಕೆರೆಗೆ. ಅವನಿಗೂ ಡಿಪ್ಲೊಮಾ ಬೇಕಿತ್ತು. ಎರಡು ಸಲ ಪರೀಕ್ಷೆಯಲ್ಲಿ ಬಿದ್ದಿದ್ದ. ಮೂರನೇ ಸಲವೂ ಬಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ.

ಕೆರೆಯ ನೀರು ಗಂಟೆಗೆಷ್ಟು ಏರಿತು, ಆ ಮಟ್ಟದಲ್ಲಿ ಕೆರೆಯ ಹರವು ಎಷ್ಟು, ತೂಬಿನಿಂದ ಎಷ್ಟು ಹೊರಹೋಯಿತು – ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು, ಹೋಳು ಹೋಳು ಕೂಡಿಸಿ, ಒಂದು ದಿನಕ್ಕೆ ಕೆರೆಗೆ ಬಂದ ನೀರು ಎರಡು ಲಕ್ಷ ನಲವತ್ತೆರಡು ಸಾವಿರ ಘನ ಮೀಟರ್ ಎಂದು ಅಡಿಗೆರೆ ಎಳೆದ.

ಅಗಾಯ್ ಮೇಜಿನ ಮೇಲಿದ್ದ, ಠಾಣೆಯ ಅಂಕಿಗಳು ಅಚ್ಚಾಗುವ ಇಲಾಖೆಯ ವಾರದ ಪತ್ರಿಕೆಯಲ್ಲಿ ಬೆರಳಾಡಿಸಿದರು. "ಆ ದಿನ ನದಿಯ ಸರಾಸರಿ ಸೆಕೆಂಡಿಗೆ ಹನ್ನೆರಡು ಮುಕ್ಕಾಲಿನ ಮೇಲೆ ಸ್ವಲ್ಪ. ಅದರಲ್ಲಿ ಐದನೇ ಒಂದು ಪಾಲು ನಿಮ್ಮದು. ದಿನಕ್ಕೆ ಎರಡು ಲಕ್ಷ ಇಪ್ಪತ್ತೆರಡು ಸಾವಿರ ಆಗ್ಬೇಕು. ನಿಮ್ಮದು ಇಪ್ಪತ್ತು ಸಾವಿರ ಜಾಸ್ತಿ."

"ಕೆರೇಲಿ ಅಷ್ಟಿತ್ತು ಅಗಾಯ್. ನಾನೇನ್ ಮಾಡ್ಲಿ."

"ನೀರು ದಾರೀಲಿ ಇಂಗುತ್ತೆ, ಆವಿಯಾಗುತ್ತೆ. ಕಮ್ಮಿ ಬಂದಿದ್ರೆ ಒಪ್ಕೋತಿದ್ದೆ. ಜಾಸ್ತಿ ಹೇಗೆ ಬರುತ್ತೆ?"

"ಕದ್ದು ಬರ್ತದೆ," ಎಂದ ಸಾತಿಬಾಲ್ದಿ. ಈ ಸಲ ಯಾರೂ ನಗಲಿಲ್ಲ. "ಮೇಲಿನ ಹಳ್ಳಿಯೋರು ಎರಡ್ ವರ್ಷದಿಂದ ಅದನ್ನೇ ಹೇಳ್ತವ್ರೆ. ರಾತ್ರಿ ಬಂದು ಎರಡನೇ ಕಂಡಿ ಎತ್ತುತಾನೆ ಅಂತ. ಇಲಾಖೆಯೋರೂ ಅದನ್ನೇ ಬರೆದವ್ರೆ. ಮನೇಲಿ ಗೊರಕೆ ಹೊಡೆಯೋ ಕಳ್ಳ ನಾನೊಬ್ನೇ ಇರ್ಬೇಕು."

"ಮತ್ತೆ ಮಾಡಿ," ಎಂದರು ಅಗಾಯ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆಮೇಲೆ ಪತ್ರಿಕೆಯನ್ನು ಮಡಚುತ್ತ ಕಾಲಿಪಾಳ ಕಡೆ ನೋಡಿದರು. "ನದಿ ನಿಮ್ಮದಲ್ವಾ? ನಿಮ್ಮ ಲೆಕ್ಕ ಏನು?"

ಅವಳು ದಾಖಲೆ ಪುಸ್ತಕದ ನಕಲನ್ನು ತೋರಿಸಿದಳು. ದಿನಕ್ಕೆ ಎರಡು ಅಂಕಿ. ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ.

ಅಗಾಯ್ ಪುಟ ತಿರುಗಿಸುತ್ತ ಬಹಳ ಹೊತ್ತು ನೋಡಿದರು. ಜುಲೈ ತಿಂಗಳ ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು, ಮತ್ತೆ ಮುಂದೆ ಹೋಯಿತು. "ಎರಡು ಚುಕ್ಕಿ ಇಟ್ಕೊಂಡು ಗೆರೆ ಎಳೀಬಹುದು. ನದಿ ಗೆರೆ ಅಲ್ಲ. ಒಂದು ದಿನ ಗಂಟೆಗಂಟೆಗೂ ನೋಡಿ ತನ್ನಿ. ಎಂಟಕ್ಕೆ ಶುರು ಮಾಡಿ ಮಾರನೇ ದಿನ ಎಂಟರವರೆಗೆ. ಆಮೇಲೆ ಹೋಳು ಮಾಡಿ ಕೂಡ್ಸಿ. ಅದು ಲೆಕ್ಕ."

"ಆಯ್ತು ಅಗಾಯ್," ಎಂದಳು.

ಹೊರಗೆ ಅಂಗಳದಲ್ಲಿ ಸಾತಿಬಾಲ್ದಿ ಅವಳಿಗಾಗಿ ಕಾದಿದ್ದ. ಜೇಬಿನಿಂದ ಒಣಮೊಸರಿನ ಉಂಡೆ ತೆಗೆದು ಅವಳ ಅಂಗೈಗೆ ಹಾಕಿದ. "ತಿನ್ನು ತಂಗಿ, ಮುಖ ನೋಡು, ಒಗೆದು ಹಿಂಡಿ ಹಾಕಿದ ಹಾಗಿದೆ. ಒಂದ್ ಮಾತ್ ಕೇಳ್ತೀನಿ. ನಿನ್ ಪುಸ್ತಕದಾಗೆ ಆ ದಿನದ್ದು ತಪ್ಪೇನಾದ್ರೂ ಬಿದ್ದಿರಬಹುದಾ?"

"ಇಲ್ಲ ಬಾಯ್ಕೆ," ಅಣ್ಣನನ್ನು ಕರೆಯುವ ಹಾಗೆ ಕರೆದಳು. "ಪಟ್ಟಿಯಲ್ಲಿ ಕಂಡಿದ್ದನ್ನೇ ಬರೀತೀನಿ."

"ನಂಗೊತ್ತು. ನಿನ್ ಮಾವ ಬರೆದಿದ್ದು ಮೂವತ್ ವರ್ಷ ಯಾರೂ ಬೆರಳಿಡ್ಲಿಲ್ಲ. ನೀನೂ ಅದೇ ಕೈ." ಅವನು ಚೀಲ ಹೆಗಲಿಗೇರಿಸಿದ. "ಹಾಗಾದ್ರೆ ನನ್ ತಲೇಲೇ ಇಪ್ಪತ್ ಸಾವಿರ ಸೋರ್ತಾ ಐತೆ."

ಒಣಮೊಸರು ಉಪ್ಪಾಗಿತ್ತು. ವ್ಯಾನಿನಲ್ಲಿ ಅವಳು ಅದನ್ನು ಚೀಪುತ್ತ ಕೂತಳು. ಕಂಡಿದ್ದನ್ನೇ ಬರೆಯುತ್ತೇನೆ ಎಂದದ್ದು ಸುಳ್ಳಲ್ಲ. ಆದರೆ ಆ ಮಾತಿನ ಯಾವುದೋ ಮೂಲೆಯಲ್ಲಿ ಏನೋ ಅಲುಗಿತು. ಅವಳಿಗೆ ಅದನ್ನು ಹಿಡಿದು ನೋಡುವಷ್ಟು ಶಕ್ತಿ ಉಳಿದಿರಲಿಲ್ಲ.

ಸೋಮವಾರ ಒಗೆಯುವ ಕೋಣೆಗೆ ರಜೆ ಹೇಳಿ ಅವಳು ಠಾಣೆಯಲ್ಲೇ ಉಳಿದಳು. ಬೆಳಿಗ್ಗೆ ಎಂಟಕ್ಕೆ ಅರವತ್ತೆರಡು ಸೆಂಟಿಮೀಟರ್. ಕೋಷ್ಟಕದಲ್ಲಿ ಒಂಬತ್ತರ ಮೇಲೆ ಎರಡು ದಶಾಂಶ. ಒಂಬತ್ತಕ್ಕೆ ಇನ್ನೂ ಸ್ವಲ್ಪ ಇಳಿಯಿತು. ಆಮೇಲೆ ಮೇಲಿನ ಹಿಮನದಿಯ ಮೇಲೆ ಬಿಸಿಲು ಬಿದ್ದದ್ದು ನಿಧಾನವಾಗಿ ಕೆಳಗಿನವರೆಗೆ ಬರತೊಡಗಿತು. ಮಧ್ಯಾಹ್ನಕ್ಕೆ ಹತ್ತೂವರೆ, ಮೂರಕ್ಕೆ ಹದಿನಾಲ್ಕು. ನೀರಿನ ಬಣ್ಣ ಬೂದಿಯಾಯಿತು. ಐದು ಗಂಟೆಗೆ ಹದಿನಾರೂವರೆ. ಅವಳು ಬರೆದುಕೊಂಡು, ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು, ಮತ್ತೆ ಇಟ್ಟಳು.

ಐದೂವರೆಯ ವ್ಯಾನು ತಿರುವಿನಲ್ಲಿ ನಿಂತು ಎರಡು ಸಲ ಹಾರನ್ ಹೊಡೆಯಿತು. ಇಲ್ಲವೆಂದು ಕೈಯಾಡಿಸಿದಳು. ಅದು ಹೋಯಿತು.

ಆರಕ್ಕೆ ನೋಡಿದಳು, ಏರಿತ್ತು. ಏಳಕ್ಕೆ ಏರಿತ್ತು. ಎಂಟಕ್ಕೆ ದಂಡೆಗೆ ಇಳಿದಾಗ ದಿನಾ ಅವಳು ಕಾಲಿಡುತ್ತಿದ್ದ ಚಪ್ಪಟೆ ಕಲ್ಲು ಕಾಣಲಿಲ್ಲ. ಅದರ ಮೇಲೆ ನೀರು ಹೊರಳಿ ಹೊರಳಿ ಹೋಗುತ್ತಿತ್ತು, ಒಳಗೆಲ್ಲೋ ಬಂಡೆಗಳು ಒಂದಕ್ಕೊಂದು ಗುದ್ದುವ ಸದ್ದು. ಪಟ್ಟಿಯಲ್ಲಿ ಎಂಬತ್ತೆಂಟು. ಹದಿನೆಂಟರ ಮೇಲೆ ಎಂಟು ದಶಾಂಶ.

ಮೂರು ಬೇಸಿಗೆಯಿಂದ ಅವಳು ಎಂಟು ಗಂಟೆಯ ನದಿಯನ್ನು ನೋಡಿಯೇ ಇರಲಿಲ್ಲ.

ನೆನಪು ಒಂದೇ ಸಲ ಬರಲಿಲ್ಲ, ತುಂಡು ತುಂಡಾಗಿ ಬಂತು. ಮೊದಲು ಮಾವನ ದನಿ. ಅವಳು ಠಾಣೆಗೆ ಹೊಸದಾಗಿ ಬಂದ ಜನವರಿ, ಮೊಣಕಾಲವರೆಗೆ ಹಿಮ, ಐದಕ್ಕೇ ಕತ್ತಲು. "ಚಳಿಗಾಲದಲ್ಲಿ ನೀರು ಮಲಗಿರುತ್ತಮ್ಮ. ಐದಕ್ಕೆ ನೋಡಿದ್ರೂ ಅಷ್ಟೇ, ಎಂಟಕ್ಕೆ ನೋಡಿದ್ರೂ ಅಷ್ಟೇ. ಐದಕ್ಕೆ ನೋಡು, ಎಂಟು ಅಂತ ಬರಿ, ಒಳಗ್ ಬಂದ್ ಬೆಂಕಿ ಕಾಯ್ಸು." ನಿಜವಿತ್ತು. ಜನವರಿಯಲ್ಲಿ ಎರಡೂವರೆ ಎಂದರೆ ಇಡೀ ದಿನ ಎರಡೂವರೆ. ಕಣಿವೆಯ ಮೇಲಿನ ಕೆಳಗಿನ ಎಲ್ಲ ಠಾಣೆಗಳಲ್ಲೂ ಚಳಿಗಾಲದಲ್ಲಿ ಹಾಗೇ ಮಾಡುತ್ತಿದ್ದರು. ಬೇಸಿಗೆಯ ಮಾತನ್ನು ಮಾವ ಎತ್ತಿರಲಿಲ್ಲ. ಬೇಸಿಗೆಯಲ್ಲಿ ಎಂಟಕ್ಕೆ ಸರಿಯಾಗಿ ಅವರು ಕೋಲೂರಿಕೊಂಡು ದಂಡೆಗೆ ಇಳಿಯುತ್ತಿದ್ದುದನ್ನು ಅವಳು ಎಷ್ಟೋ ವರ್ಷ ನೋಡಿದ್ದಳು. ಕಣ್ಣೆದುರಿಗೆ ಇರುವುದನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಮಾವ ತೀರಿಕೊಂಡ ಮೇಲೆ ಅವಳೂ ಕೆಲವು ಬೇಸಿಗೆ ಎಂಟಕ್ಕೇ ಇಳಿದಿದ್ದಳು. ಆಮೇಲೆ ಒಂದು ಡಿಸೆಂಬರಿನಲ್ಲಿ ಆಸ್ಪತ್ರೆಯ ಪಾಳಿ ಸಿಕ್ಕಿತು. ಐದಕ್ಕೆ ನೋಡಿ, ಎಂಟೆಂದು ಬರೆದು, ಐದೂವರೆಯ ವ್ಯಾನು ಹತ್ತುವುದು ಆ ಚಳಿಗಾಲದಲ್ಲಿ ತಪ್ಪಾಗಿರಲಿಲ್ಲ. ಹಿಮ ಕರಗಿತು, ಹುಲ್ಲು ಬಂತು, ವ್ಯಾನಿನ ಹೊತ್ತು ಮಾತ್ರ ಬದಲಾಗಲಿಲ್ಲ. ಯಾವ ದಿನ ಅದು ಸುಳ್ಳಾಯಿತೆಂದು ಈಗ ನೆನಪು ಮಾಡಿಕೊಳ್ಳಲು ನೋಡಿದಳು. ಸಿಗಲಿಲ್ಲ. ಹಾಗೊಂದು ದಿನ ಇರಲೇ ಇಲ್ಲವೇನೋ.

ಉಳಿದ ಗಂಟೆಗಳನ್ನೂ ಬಿಡದೆ ನೋಡಿದಳು. ಮಂಗಳವಾರ ಬೆಳಿಗ್ಗೆ ಚೌಕದ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದಾಗ ಹಾಳೆಯ ಮೇಲೆ ಒಂದು ಬೆನ್ನು ಎದ್ದಿತು. ಗಂಟೆಗೊಂದು ಹೋಳು ಮಾಡಿ, ಪ್ರತಿ ಹೋಳಿನ ವಿಸ್ತೀರ್ಣ ಕಂಡುಹಿಡಿದು, ಇಪ್ಪತ್ನಾಲ್ಕನ್ನೂ ಕೂಡಿಸಿದಳು. ಅಗಾಯ್ ಅನುಕಲನ ಎಂದು ಹಲಗೆಯ ಮೇಲೆ ಉದ್ದನೆಯ ಕೊಕ್ಕೆಯಂಥ ಚಿಹ್ನೆ ಬರೆಯುತ್ತಿದ್ದುದು ಇದೇ. ದಿನಕ್ಕೆ ಹನ್ನೆರಡು ಲಕ್ಷ ಹತ್ತು ಸಾವಿರ ಘನ ಮೀಟರ್. ಬೆಳಗಿನ ಎಂಟು, ಸಂಜೆಯ ಎಂಟು ಎರಡನ್ನೇ ಕೂಡಿಸಿ ಭಾಗಿಸಿ ನೋಡಿದಳು: ಅಷ್ಟೇ ಬಂತು. ಬೆಳಿಗ್ಗೆ ಸರಾಸರಿಗಿಂತ ಎಷ್ಟು ಕಮ್ಮಿಯೋ ಸಂಜೆ ಅಷ್ಟೇ ಹೆಚ್ಚು. ಒಂದರ ಗುಂಡಿಯನ್ನು ಇನ್ನೊಂದರ ದಿಬ್ಬ ತುಂಬುತ್ತಿತ್ತು. ಯಾರೋ ಎಂದೋ ಯೋಚನೆ ಮಾಡಿಯೇ ಎಂಟು ಮತ್ತು ಎಂಟು ಎಂದು ಇಟ್ಟಿದ್ದರು.

ಬೆಳಗಿನ ಎಂಟು, ಸಂಜೆಯ ಐದು ಕೂಡಿಸಿದಳು. ಹನ್ನೊಂದು ಲಕ್ಷ ಹತ್ತು ಸಾವಿರ. ಸಾತಿಬಾಲ್ದಿ ಕೆರೆ ಅಳೆದ ದಿನವೂ ದಾಖಲೆಯಲ್ಲಿ ಇವೇ ಎರಡು ಅಂಕಿಗಳಿದ್ದವು.

ಒಂದು ಲಕ್ಷ ಕಮ್ಮಿ. ಐದು ಕಂಡಿ. ಕಂಡಿಗೆ ಇಪ್ಪತ್ತು ಸಾವಿರ.

ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಅದು ಉರುಳಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

ಪರೀಕ್ಷೆಯವರೆಗಿನ ಹನ್ನೆರಡು ದಿನ ಅವಳು ಐದೂವರೆಯ ವ್ಯಾನನ್ನೇ ಹಿಡಿದಳು. ಪಾಳಿ ತಪ್ಪಿಸಿದರೆ ಆ ಕೆಲಸಕ್ಕೆ ಕಾದಿದ್ದವರು ಬೇಕಾದಷ್ಟು ಜನ. ದಾಖಲೆಯಲ್ಲಿ ಸಂಜೆ ಎಂಟಕ್ಕೆ ಇಪ್ಪತ್ತು ಗಂಟೆ ಎಂದು ಬರೆಯುವಾಗ ಮಾತ್ರ ಈಗ ಕೈಗೆ ಗೊತ್ತಾಗುತ್ತಿತ್ತು. ನಡುವಿನ ಶನಿವಾರ ಸಾತಿಬಾಲ್ದಿ ಹಲಗೆಯ ಮೇಲೆ ಮತ್ತೆ ಎರಡು ಲಕ್ಷ ನಲವತ್ತೆರಡು ಸಾವಿರ ತಂದ. ಅಗಾಯ್ ಮತ್ತೆ ಪತ್ರಿಕೆ ತೋರಿಸಿದರು. "ಎಲ್ಲಾ ಅಳೆದಾಯ್ತು ಅಗಾಯ್, ಹಗ್ಗ ಹಿಡ್ಕೊಂಡು ಈಜಿ ಅಳೆದೆ," ಎಂದ ಅವನು. ಅವನ ಕಣ್ಣ ಕೆಳಗೆ ಕಪ್ಪು ಕೂತಿತ್ತು. ಕಾಲಿಪಾ ನೋಟ್ ಪುಸ್ತಕದಲ್ಲಿ ತಲೆ ಹುದುಗಿಸಿ, ಡಬ್ಬದ ತಗಡಿನ ಲೆಕ್ಕವನ್ನು ಮೂರನೇ ಸಲ ಮಾಡಿದಳು.

ಪರೀಕ್ಷೆಯ ಹಿಂದಿನ ದಿನ ಅವಳ ಚೀಲದಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ಇದ್ದದ್ದು ಇದ್ದ ಹಾಗೆ. ಇನ್ನೊಂದರಲ್ಲಿ ಅವಳು ಬೆನ್ನನ್ನು ಒತ್ತಿ ತಗ್ಗಿಸಿದ್ದಳು: ಸಂಜೆ ಎಂಟಕ್ಕೆ ಹದಿನಾರೂವರೆ ಬರುವಂತೆ, ಉಳಿದ ಗಂಟೆಗಳೂ ಅದಕ್ಕೆ ಹೊಂದುವಂತೆ, ಮೊತ್ತ ಹನ್ನೊಂದು ಲಕ್ಷ ಹತ್ತು ಸಾವಿರವಾಗುವಂತೆ. ಸುಳ್ಳಿನ ಹಾಳೆಗೇ ಹೆಚ್ಚು ಹೊತ್ತು ಹಿಡಿದಿತ್ತು. ಅದೇ ಹೆಚ್ಚು ಅಚ್ಚುಕಟ್ಟಾಗಿಯೂ ಇತ್ತು.

ಪರೀಕ್ಷೆಯ ಕೋಣೆಯಲ್ಲಿ ಅಗಾಯ್ ಪಕ್ಕ ಇಲಾಖೆಯಿಂದ ಬಂದ ಒಬ್ಬ ಅಧಿಕಾರಿ ಕೂತಿದ್ದ. ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ, ಮುಂದೆ ವಾರದ ಪತ್ರಿಕೆಗಳ ಕಟ್ಟು. ಹೆಚ್ಚು ಮಾತಾಡುವವನಲ್ಲ. ಚೀಟಿ ಎತ್ತಿದವರು ಹಿಂದೆ ಕೂತು ಅರ್ಧ ಗಂಟೆ ಬರೆದುಕೊಂಡು, ಒಬ್ಬೊಬ್ಬರಾಗಿ ಹಲಗೆಗೆ ಹೋಗಬೇಕು.

ಕಾಲಿಪಾಳ ಚೀಟಿಯಲ್ಲಿ ತಣ್ಣಗಾಗುವ ಚಹಾ ಮತ್ತು ಟೋಪಿಯ ಲಾಭ ಬಂದಿದ್ದವು. ಎರಡನ್ನೂ ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ಮೂರನೆಯದು ಅವಳ ಕಾಲ ಬಳಿ, ಚೀಲದಲ್ಲಿತ್ತು. ಸಾತಿಬಾಲ್ದಿಯದು ಅವಳಿಗಿಂತ ಮೊದಲಿನ ಸರದಿ.

ಪುಸ್ತಕದ ಎರಡನ್ನೂ ಅವನು ತಡವರಿಸುತ್ತ, ಆದರೆ ಸರಿಯಾಗಿ ಮಾಡಿದ. ಆಮೇಲೆ ಕೆರೆ. ಸೀಮೆಸುಣ್ಣ ಎರಡು ಸಲ ಮುರಿಯಿತು. ಎರಡು ಲಕ್ಷ ನಲವತ್ತೆರಡು ಸಾವಿರ.

ಅಧಿಕಾರಿ ಪತ್ರಿಕೆ ನೋಡಿದ. "ಇದು ಆ ಕೆರೆಯೇ?"

"ಹೌದು."

"ದೂರು ಇರೋದು ನಿಮ್ಮ ಮೇಲೇ ಅಲ್ವಾ?"

"ನನ್ ಮೇಲೇ."

"ಸರಕಾರಿ ಅಂಕಿ ಎರಡು ಲಕ್ಷ ಇಪ್ಪತ್ತೆರಡು ಸಾವಿರ. ಮಿಕ್ಕ ಇಪ್ಪತ್ತು ಸಾವಿರ ಎಲ್ಲಿಂದ ಬಂತು ಹೇಳಿ. ಲೆಕ್ಕದ ತಪ್ಪಾ, ಕೈಯ ತಪ್ಪಾ?"

ಸಾತಿಬಾಲ್ದಿ ಹಲಗೆಯ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಏನೋ ತಮಾಷೆಯ ಮಾತು ಹುಡುಕುತ್ತಿದ್ದಾನೆಂದು ಎಲ್ಲರಿಗೂ ಕಂಡಿತು. ಸಿಗಲಿಲ್ಲ. "ಲೆಕ್ಕದ ತಪ್ಪು ಅಂತ ಬರ್ಕೊಳ್ಳಿ," ಎಂದ ಕೊನೆಗೆ, ಬಹಳ ಮೆಲ್ಲಗೆ. "ಬಿದ್ರೆ ಬೀಳ್ತೀನಿ. ಕಳ್ಳ ಅಂತ ಮಾತ್ರ ಬರೀಬೇಡಿ."

ಅಗಾಯ್ ಅಂಕ ಬರೆಯುವ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು. ಬರೆಯಲಿಲ್ಲ. ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತರು. ಅವರು ಯಾರಿಗಾಗಿ ಕಾಯುತ್ತಿದ್ದರೆಂದು ಕಾಲಿಪಾಗೆ ಗೊತ್ತಿತ್ತು.

ಅವಳು ಬಗ್ಗಿ ಚೀಲಕ್ಕೆ ಕೈ ಹಾಕಿದಳು. ಅಚ್ಚುಕಟ್ಟಾದ ಹಾಳೆ ಮೇಲೇ ಇತ್ತು. ಅದನ್ನು ಸರಿಸಿ ಕೆಳಗಿನದನ್ನು ಎಳೆದುಕೊಂಡಳು.

"ಅಗಾಯ್, ನನ್ನ ಮೂರನೇ ಲೆಕ್ಕ ಈಗ್ಲೇ ಮಾಡ್ಲಾ?"

"ಸರದಿ ಇನ್ನೂ..." ಎಂದ ಅಧಿಕಾರಿ.

"ಬನ್ನಿ," ಎಂದರು ಅಗಾಯ್.

ಸಾತಿಬಾಲ್ದಿಯ ಪಕ್ಕದಲ್ಲೇ, ಹಲಗೆಯ ಉಳಿದರ್ಧದಲ್ಲಿ ಅವಳು ಬೆನ್ನಿನ ಗೆರೆ ಎಳೆದಳು. ಇಪ್ಪತ್ನಾಲ್ಕು ಹೋಳು, ಕೆಳಗೆ ಮೊತ್ತ, ಅದರ ಐದನೇ ಒಂದು ಪಾಲು. ಎರಡು ಲಕ್ಷ ನಲವತ್ತೆರಡು ಸಾವಿರ. ಆಮೇಲೆ ಸಂಜೆ ಐದರ ಹತ್ತಿರ ಒಂದು ಚುಕ್ಕಿ ಇಟ್ಟಳು, ಎಂಟರ ಹತ್ತಿರ ಒಂದು.

"ಪತ್ರಿಕೆಯಲ್ಲಿರೋದು ಇದು," ಐದರ ಚುಕ್ಕಿಯನ್ನು ತೋರಿಸಿದಳು. "ನಾನು ಐದಕ್ಕೆ ನೋಡಿ ಎಂಟು ಅಂತ ಬರೀತಿದ್ದೆ. ನೀರು ಅವರದ್ದು ಸರಿಯಾಗಿದೆ. ನನ್ನ ಗಂಟೆ ಸುಳ್ಳು."

"ಎಷ್ಟು ದಿನದಿಂದ?" ಅಧಿಕಾರಿ ಕೇಳಿದ.

"ಇದು ಮೂರನೇ ಬೇಸಿಗೆ."

"ಯಾಕೆ?"

ಉತ್ತರ ದೊಡ್ಡದಿತ್ತು. ವ್ಯಾನು, ಹಬೆ, ನಿಂತುಹೋದ ಫೋನು, ಮಾವನ ಚಳಿಗಾಲ. "ಐದೂವರೆಗೆ ಕೊನೇ ವ್ಯಾನು," ಎಂದಳು.

ಅಗಾಯ್ ಗಂಟಲು ಸರಿಮಾಡಿಕೊಂಡರು. "ಲೆಕ್ಕದ ಪ್ರಶ್ನೆ. ಎಂಟು ಮತ್ತು ಎಂಟು, ಎರಡೇ ಸಲ ನೋಡಿದ್ರೆ ಸಾಕಾಗುತ್ತೆ ಅಂತೀರಿ. ಯಾಕೆ ಸಾಕು?"

"ಹನ್ನೆರಡು ಗಂಟೆ ಅಂತರ. ಬೆಳಿಗ್ಗೆ ಸರಾಸರಿಯಿಂದ ಎಷ್ಟು ಕೆಳಗೋ ಸಂಜೆ ಅಷ್ಟೇ ಮೇಲೆ. ಎರಡೂ ಸೇರಿ ಅಳಿಸಿಹೋಗುತ್ತೆ."

"ಒಂಬತ್ತು ಗಂಟೆ ಅಂತರ ಆದ್ರೆ?"

"ಅಳಿಸಲ್ಲ."

ಅವರು ತಲೆಯಾಡಿಸಿ ಎರಡು ಸಾಲು ಬರೆದರು. ಸಾತಿಬಾಲ್ದಿಗೆ ಐದಕ್ಕೆ ಐದು. ಕಾಲಿಪಾಗೆ ನಾಲ್ಕು. "ಮೊತ್ತದ ಮುಂದೆ ಘನ ಮೀಟರ್ ಅಂತ ಹಾಕಿಲ್ಲ ನೀವು," ಎಂದರು.

ಅಧಿಕಾರಿ ಒಂದು ಖಾಲಿ ಹಾಳೆಯನ್ನು ಅವಳ ಕಡೆ ಸರಿಸಿದ. ತಪ್ಪಿಗೆ ವಿವರಣೆ ಬರೆದುಕೊಡುವ ಹಾಳೆ. "ದಿನಾಂಕ, ಕಾರಣ, ಸಹಿ. ತೀರ್ಮಾನ ಮೇಲಿನವರದ್ದು, ಒಂದು ವಾರ ಆಗ್ಬಹುದು. ಡಿಪ್ಲೊಮಾ ಬಂದ್ರೂ ಠಾಣೆ ಸಿಗುತ್ತೆ ಅಂತ ನಾನು ಹೇಳಲಾರೆ." ಸ್ವಲ್ಪ ತಡೆದು, "ಅಲ್ಲೀವರೆಗೆ ಯಾರಾದ್ರೂ ನೋಡ್ಲೇಬೇಕು. ನೀವೇ ನೋಡಿ," ಎಂದ.

ಅವಳು ನಾಲ್ಕು ಸಾಲು ಬರೆದಳು. ಕಾರಣದ ಜಾಗದಲ್ಲಿ ಮಾವನ ಹೆಸರು ಹಾಕಲಿಲ್ಲ.

ಅಂಗಳದ ಬೆಂಚಿನ ಮೇಲೆ ಸಾತಿಬಾಲ್ದಿ ಕೂತಿದ್ದ. ಅವಳು ಎದುರು ನಿಂತಳು. ಅವನು ತಲೆ ಎತ್ತಲಿಲ್ಲ.

"ಅವತ್ತು ಕೇಳ್ದೆ ನಿನ್ನ."

"ಅವತ್ತು ಗೊತ್ತಿರ್ಲಿಲ್ಲ ಬಾಯ್ಕೆ."

"ಹೋದ್ ಶನಿವಾರ?"

"ಗೊತ್ತಿತ್ತು."

ಅವನು ಮೂಗಿನಿಂದ ಉಸಿರು ಬಿಟ್ಟ. "ಮಗಳ ಮದುವೆಗೆ ನೂರಿಪ್ಪತ್ ಜನಕ್ಕೆ ಅಡುಗೆ ಮಾಡ್ಸಿದ್ದೆ. ಮೇಲಿನ ಹಳ್ಳಿಯಿಂದ ಒಬ್ರೂ ಬರ್ಲಿಲ್ಲ. ನನ್ ಹೆಂಡ್ತಿ ತವರೂ ಅಲ್ಲೇ. ಮೂರ್ ದಿನ ಅದೇ ಮಾಂಸ ತಿಂದ್ವಿ." ಎದ್ದು ನಿಂತ, ಚೀಲ ಹೆಗಲಿಗೆ ಹಾಕಿಕೊಂಡ. ಹತ್ತು ಹೆಜ್ಜೆ ಹೋಗಿ ನಿಂತ, ತಿರುಗಿ ನೋಡದೆ ಹೇಳಿದ: "ಆ ನದಿ ಲೆಕ್ಕದ ಹಾಳೆದು ಒಂದ್ ನಕಲು ಮಾಡ್ಕೊಡು. ನನ್ ಮಾವನ ಮನೆಗೆ ತಗೊಂಡ್ ಹೋಗ್ಬೇಕು."

"ಇದನ್ನೇ ತಗೊಳ್ಳಿ," ಎಂದು ಅವಳು ಓಡಿಹೋಗಿ ಹಾಳೆಯನ್ನೇ ಕೊಟ್ಟಳು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಟೋಪಿಯ ಒಳಗಿಟ್ಟುಕೊಂಡು ಹೋದ.

ನಾಲ್ಕು ಗಂಟೆಗೆ ಅವಳು ಕಣಿವೆ ಸೇರಿದಳು. ಮೇಜಿನ ಮೇಲೆ ಮೂರು ಬೇಸಿಗೆಯ ದಾಖಲೆ ಪುಸ್ತಕಗಳನ್ನು ಬಿಡಿಸಿಟ್ಟುಕೊಂಡಳು. ದಾಖಲೆಯಲ್ಲಿ ಅಳಿಸುವಂತಿಲ್ಲ, ಕೆರೆಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಚಿಕ್ಕ ಸಹಿ. ಹಳೆಯ ಅಂಕಿ ಓದುವಂತಿರಬೇಕು. ಮೊದಲ ಪುಟ, ಮೇ ತಿಂಗಳ ಕೊನೆ. ನೀರಿನ ಅಂಕಿಗಳನ್ನು ಮುಟ್ಟುವ ಅಗತ್ಯವಿರಲಿಲ್ಲ. ಸಂಜೆಯ ಗಂಟೆಯ ಜಾಗದಲ್ಲಿ ಇಪ್ಪತ್ತರ ಮೇಲೆ ಗೆರೆ ಎಳೆದು ಹದಿನೇಳು ಎಂದು ಬರೆದಳು. ಸಹಿ. ಇಪ್ಪತ್ತರ ಮೇಲೆ ಗೆರೆ, ಹದಿನೇಳು, ಸಹಿ.

ಐದೂವರೆಗೆ ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಕಿಟಕಿಯಿಂದ ಕೈಯಾಡಿಸಿದಳು. ಎರಡನೇ ಸಲ ಹಾರನ್ ಹೊಡೆಯದೆ ಅದು ಇಳಿದುಹೋಯಿತು. ಆಸ್ಪತ್ರೆಯಲ್ಲಿ ಏಳಕ್ಕೆ ಹಾಜರಿ ಕೂಗುತ್ತಾರೆ. ಈ ತಿಂಗಳಲ್ಲಿ ಇದು ಎರಡನೆಯದು. ಮೂರನೆಯದಕ್ಕೆ ಅವರು ಕಾಯುವುದಿಲ್ಲ.

ಹೆಬ್ಬೆರಳು ಜೋಮು ಹಿಡಿಯುವವರೆಗೆ ಬರೆದಳು. ಮೊದಲನೇ ಪುಸ್ತಕದ ಆಗಸ್ಟ್ ಮುಗಿಯುವಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ಎಂಟಕ್ಕೆ ಐದು ನಿಮಿಷವಿತ್ತು. ಪೆನ್ನನ್ನು ಪುಸ್ತಕದ ನಡುವೆ ಇಟ್ಟು, ಮಾವನ ಕೋಲು ತೆಗೆದುಕೊಂಡು ದಂಡೆಗೆ ಇಳಿದಳು. ಚಪ್ಪಟೆ ಕಲ್ಲು ಮುಳುಗಿತ್ತು. ಕೋಲಿನಿಂದ ತಡವಿ ಅದನ್ನು ಹುಡುಕಿ, ಅದರ ಮೇಲೆ ಕಾಲೂರಿ ನಿಂತು, ಕೊರೆಯುವ ನೀರು ಮೀನಖಂಡದವರೆಗೆ ಏರಿದಾಗ ಪಟ್ಟಿಯ ಕಡೆ ಬಗ್ಗಿದಳು. ಅಲೆ ಏರಿದಾಗ ತೊಂಬತ್ತೊಂದು, ಇಳಿದಾಗ ಎಂಬತ್ತೊಂಬತ್ತು.

ಮೂರು ಅಲೆ ಕಾದು, ತೊಂಬತ್ತು ಎಂದು ಬರೆದುಕೊಂಡಳು.